ಹೆಸರು ತೆಗೆಸಿದ್ದು ನಾನಲ್ಲ, ಅಮ್ಮ

ಸ್ಟುಟ್‌ಗಾರ್ಟ್
ಜರ್ಮನಿ, 1-12-2024, ಆದಿತ್ಯವಾರ

ಪ್ರೀತಿಯ ಅಪ್ಪ, ಅಮ್ಮ, ಅಜ್ಜಿಗೆ,

ಕರ್ತನ ನಾಮದಲ್ಲಿ ವಂದನೆಗಳು. ನಾನು ಇಲ್ಲಿ ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ. ಚಳಿ ಶುರುವಾಗಿದೆ. ಸ್ವೆಟರ್ ಹಾಕುತ್ತೇನೆ, ಎರಡು ಹೊತ್ತು ಅನ್ನವನ್ನೇ ಉಣ್ಣುತ್ತೇನೆ, ತೂಕ ಇಳಿದಿಲ್ಲ.

ಗುರುವಾರ ನಿಮ್ಮ ಪತ್ರ ಸಿಕ್ಕಿತು. ಮಾತು ಅಮ್ಮನದು, ಅಕ್ಷರ ಅಪ್ಪನದು ಎಂದು ನೋಡಿದ ಕೂಡಲೇ ಗೊತ್ತಾಯಿತು. “ನೀನು ಸಭೆ ಬಿಟ್ಟೆಯಂತೆ” ಎಂಬ ಸಾಲಿನ ಕೆಳಗೆ ಅಪ್ಪ ಎರಡು ಗೆರೆ ಎಳೆದಿದ್ದೀರಿ, ಹೈಸ್ಕೂಲಿನಲ್ಲಿ ಮಕ್ಕಳ ಉತ್ತರ ಪತ್ರಿಕೆಯ ಮೇಲೆ ಎಳೆಯುತ್ತಿದ್ದ ಹಾಗೆಯೇ. ಫೋನು ಮಾಡೋಣ ಎಂದುಕೊಂಡೆ. ಫೋನಿನಲ್ಲಾದರೆ ಅಮ್ಮ ಅಳಲು ಶುರು ಮಾಡುತ್ತಾಳೆ, ನಾನೂ ಅಳುತ್ತೇನೆ, ಅಜ್ಜಿ ಹಿಂದಿನಿಂದ “ಎಂತ ಆಯ್ತು, ಎಂತ ಆಯ್ತು” ಎನ್ನುತ್ತಾರೆ, ಹೇಳಬೇಕಾದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಈ ಪತ್ರ. ಅಪ್ಪ, ಅಜ್ಜಿಗೆ ಜೋರಾಗಿ ಓದಿ ಹೇಳಿ. ಒಂದು ಜಾಗ ಮಾತ್ರ ಬಿಟ್ಟುಬಿಡಿ, ಅದು ಯಾವುದು ಎಂದು ಓದುವಾಗ ನಿಮಗೇ ಗೊತ್ತಾಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ: ನಾನು ಸಭೆ ಬಿಟ್ಟಿಲ್ಲ, ಚರ್ಚಿನ ಪಟ್ಟಿಯಿಂದ ಹೆಸರು ತೆಗೆಸಿಲ್ಲ. ಜಯಕರ ಮಾಮನ ಪ್ರವೀಣ ನನ್ನನ್ನು ಮೇ ತಿಂಗಳಲ್ಲಿ ಕಂಡದ್ದು ನಿಜ, ಕಂಡ ಜಾಗವೂ ನಿಜ. ಇಲ್ಲಿ ಜನನ, ಮರಣ, ಮದುವೆ ಬರೆಸುವ ಸರ್ಕಾರಿ ಕಚೇರಿಯಲ್ಲೇ ಸಭೆಯಿಂದ ಹೆಸರು ತೆಗೆಸುವ ಕೆಲಸವೂ ಆಗುತ್ತದೆ. ಅವನು ಮಗುವಿನ ಜನನ ಪತ್ರಕ್ಕೆ ಬಂದಿದ್ದ. ನಾನು ನಮ್ಮ ಮನೆಯ ಓನರ್ ಅಮ್ಮನ ಕೈ ಹಿಡಿದುಕೊಂಡು ಆ ಕೋಣೆಯಿಂದ ಹೊರಗೆ ಬರುತ್ತಿದ್ದೆ. ಅವರಿಗೆ 74 ವರ್ಷ, ಮೊಣಕಾಲು ನೋವು, ಮೆಟ್ಟಿಲು ಹತ್ತಿಳಿಯಲು ಜನ ಬೇಕು. ಹೆಸರು ತೆಗೆಸಿದ್ದು ಅವರು. ಪ್ರವೀಣ ನನ್ನ ಹತ್ತಿರ ಒಂದು ಮಾತು ಕೇಳಿದ್ದರೆ ಅಲ್ಲೇ ಹೇಳುತ್ತಿದ್ದೆ. ನೋಡಿ ನಕ್ಕ, ಕೈ ಎತ್ತಿದ, ಹೋದ. ಆರು ತಿಂಗಳ ನಂತರ ಅದು ಮುಲ್ಕಿಯಲ್ಲಿ ನನ್ನ ಮದುವೆಯ ಮಾತಿನ ನಡುವೆ ಬಂದು ಬಿತ್ತು!

ಇನ್ನು ನೀವು ಕೇಳದೆ ಇರುವ, ಆದರೆ ನಾನು ಹೇಳಲೇಬೇಕಾದ ಒಂದು ವಿಷಯ ಉಂಟು. ಅದಕ್ಕೆ ಇಲ್ಲಿಯ ಪದ್ಧತಿ ಸ್ವಲ್ಪ ವಿವರಿಸಬೇಕು.

ನಮ್ಮಲ್ಲಿ ಸಭೆಯ ಚಂದಾ ವಸೂಲಿಗೆ ಮನೆಮನೆಗೆ ಹೋಗಬೇಕು. ಕೊಡದವರ ಹೆಸರು ವಾರ್ಷಿಕ ಸಭೆಯ ಮತದಾರರ ಪಟ್ಟಿಯಿಂದ ಬಿದ್ದುಹೋಗುತ್ತದೆ, ಜಗಳವಾಗುತ್ತದೆ. ಇಲ್ಲಿ ಆ ಕಷ್ಟವೇ ಇಲ್ಲ. ಬಂದು ಇಳಿದ ಎರಡು ವಾರದೊಳಗೆ ವಿಳಾಸ ಬರೆಸಲು ಹೋಗಬೇಕು, ಅಲ್ಲಿ ನಿನ್ನ ಧರ್ಮ ಯಾವುದು ಎಂದು ಒಂದು ಅಂಕಣ ಇರುತ್ತದೆ. ಪ್ರೊಟೆಸ್ಟೆಂಟ್ ಅಥವಾ ಕ್ಯಾಥೊಲಿಕ್ ಎಂದು ಬರೆದರೆ ಮುಗಿಯಿತು, ಸಂಬಳದಿಂದ ಆದಾಯ ತೆರಿಗೆಯ ಜೊತೆಗೆ ಸಭೆಯ ತೆರಿಗೆಯೂ ಕಡಿತ. ಈ ರಾಜ್ಯದಲ್ಲಿ ಆದಾಯ ತೆರಿಗೆಯ ಶೇ 8, ಪಕ್ಕದ ಬವೇರಿಯಾದಲ್ಲೂ ಅಷ್ಟೇ, ಉಳಿದ ಕಡೆ ಶೇ 9. ಸರ್ಕಾರವೇ ವಸೂಲು ಮಾಡಿ ಸಭೆಗೆ ಕೊಡುತ್ತದೆ, ಅದಕ್ಕೆ ಸ್ವಲ್ಪ ಕಮಿಷನ್ ಹಿಡಿದುಕೊಳ್ಳುತ್ತದೆ. 1919ರ ಸಂವಿಧಾನದಲ್ಲಿ ಬರೆದದ್ದು, 1949ರ ಸಂವಿಧಾನದಲ್ಲಿ ಅದನ್ನೇ ಎತ್ತಿಟ್ಟುಕೊಂಡರು. ರಾಜರು ಹೋದರು, ರಾಜಧರ್ಮ ಹೋಯಿತು, ತೆರಿಗೆ ಉಳಿಯಿತು. ಸಭೆ ಬಿಡಬೇಕಾದರೆ ಪಾದ್ರಿಯ ಮುಖವನ್ನೂ ನೋಡಬೇಕಾಗಿಲ್ಲ. ಪಾಸ್‌ಪೋರ್ಟ್ ತೋರಿಸಿ ಸಹಿ ಹಾಕಿದರಾಯಿತು, ಹತ್ತು ನಿಮಿಷದ ಕೆಲಸ. ಬಿಡಲಿಕ್ಕೂ ಫೀಸು ಉಂಟು, ಅದು ಬೇರೆ!

2021ರಲ್ಲಿ ನಾನು ಬಂದಾಗ ಹಾಸ್ಟೆಲಿನಲ್ಲಿ ನನಗಿಂತ ಮೊದಲು ಬಂದ ನರ್ಸುಗಳು ಮೂರು ಜನ ಇದ್ದರು. “ಆ ಅಂಕಣ ಖಾಲಿ ಬಿಡು ಮಾರಾಯ್ತಿ, ದೇವರಿಗೆ ಅರ್ಜಿ ಬೇಕಾ?” ಎಂದರು. ಏಜೆನ್ಸಿಯ ಸಾಲ ಇತ್ತು, ಅಪ್ಪನ ಆಪರೇಷನ್ನಿನ ಕಂತು ಇತ್ತು. ನಾನು ಖಾಲಿ ಬಿಟ್ಟೆ.

ಇದೇ, ಅಪ್ಪ. ಅಜ್ಜಿಗೆ ಓದಬೇಡಿ ಎಂದದ್ದು ಇದನ್ನೇ.

ಹೆಚ್ಚುಕಡಿಮೆ ಎರಡು ವರ್ಷ ಕಾಗದದಲ್ಲಿ ನಾನು ಧರ್ಮವಿಲ್ಲದವಳು. ಪ್ರತಿ ಆದಿತ್ಯವಾರ ದೇವಾಲಯಕ್ಕೆ ಹೋಗುತ್ತಿದ್ದೆ, ಕಾಣಿಕೆ ಹಾಕುತ್ತಿದ್ದೆ, ಕರ್ತನ ಭೋಜನಕ್ಕೆ ಕೈ ಚಾಚುವಾಗ ಮಾತ್ರ ಆ ಖಾಲಿ ಅಂಕಣ ಕಣ್ಣಿಗೆ ಬರುತ್ತಿತ್ತು. 2023ರ ಫೆಬ್ರವರಿಯಲ್ಲಿ ದೀಕ್ಷಾಸ್ನಾನದ ಸರ್ಟಿಫಿಕೇಟ್ ಬೇಕು, ವೀಸಾದ ಕೆಲಸಕ್ಕೆ ಎಂದು ಅಪ್ಪನನ್ನು ಮಳೆ ಇಲ್ಲದ ಬಿಸಿಲಿನಲ್ಲಿ ಎರಡು ಸಲ ಪಾದ್ರಿಯವರ ಮನೆಗೆ ಓಡಿಸಿದೆನಲ್ಲ, ಅದು ವೀಸಾಕ್ಕಲ್ಲ. ಇಲ್ಲಿಯ ಸಭೆಯಲ್ಲಿ ಹೆಸರು ಬರೆಸಲಿಕ್ಕೆ. ಸುಳ್ಳು ಹೇಳಿದ್ದು ತಪ್ಪು. ಆದರೆ ಆ ಸರ್ಟಿಫಿಕೇಟ್ ಒಳಗೆ ಹೋಗಲಿಕ್ಕೆ ತರಿಸಿದ್ದು, ಹೊರಗೆ ಬರಲಿಕ್ಕೆ ಅಲ್ಲ. ಇಲ್ಲಿ ನಮ್ಮ ಪಾದ್ರಿ ಹೆಂಗಸು (ಅಮ್ಮ, ಗಾಬರಿ ಬೇಡ, ಹ್ಯಾಂಬರ್ಗಿನಲ್ಲಿ 1992ರಲ್ಲೇ ಹೆಂಗಸು ಬಿಷಪ್ ಆಗಿದ್ದರು, ನಮ್ಮ ದಕ್ಷಿಣ ಭಾರತ ಸಭೆ ಸಿಎಸ್‌ಐಯಲ್ಲೂ ನಂದ್ಯಾಲದಲ್ಲಿ 2013ರಲ್ಲಿ ಪುಷ್ಪಲಲಿತಾ ಅವರು ಆದರು, ನಿಮ್ಮ ಸ್ತ್ರೀಯರ ಕೂಟದಲ್ಲೇ ಆ ದಿನ ಪ್ರಾರ್ಥನೆ ಮಾಡಿದ್ದಿರಿ). ಅವರು ಸರ್ಟಿಫಿಕೇಟ್ ನೋಡಿ “ಸಿಎಸ್‌ಐ? ನಮ್ಮ ನೆಂಟರೇ” ಎಂದರು. ಈ ಊರಿನಲ್ಲಿರುವ ಈಎಂಎಸ್ ಎಂಬ ಮಿಷನ್ ಒಕ್ಕೂಟದಲ್ಲಿ ಅವರ ಸಭೆಯೂ ನಮ್ಮ ಸಭೆಯೂ ಸದಸ್ಯರು. ಕಾಫಿ ಕೊಟ್ಟರು, ಬರೆದುಕೊಂಡರು. ಈಗ ತಿಂಗಳಿಗೆ ಸುಮಾರು 34 ಯೂರೋ ಕಡಿತವಾಗುತ್ತದೆ. ಸಂಬಳದ ಚೀಟಿಯ ಫೋಟೋ ಪುಟ್ಟನ ವಾಟ್ಸಾಪಿಗೆ ಹಾಕಿದ್ದೇನೆ. ಆ ಸಾಲಿಗೆ ನಾನೂ ಎರಡು ಗೆರೆ ಎಳೆದಿದ್ದೇನೆ.

ಹುಡುಗನ ಮನೆಯವರಿಗೆ ಅದನ್ನು ತೋರಿಸಬಹುದು. ಸದಸ್ಯತ್ವದ ಪತ್ರವೂ ಬೇಕಂತೆ ಎಂದು ಬರೆದಿದ್ದೀರಿ, ಅದನ್ನು ನಮ್ಮ ಪಾದ್ರಿಯಮ್ಮ ಬುಧವಾರ ಕೊಡುತ್ತಾರೆ. ಜರ್ಮನ್ ಭಾಷೆಯಲ್ಲಿರುತ್ತದೆ, ಸೀಲು ಇರುತ್ತದೆ. ಸೀಲು ಇದ್ದರೆ ಅವರು ಭಾಷೆ ಕೇಳಲಿಕ್ಕಿಲ್ಲ.

“ಅಲ್ಲಿಯ ಸಭೆ ಸತ್ತುಹೋಗಿದೆ, ದೇವಾಲಯಗಳು ಹೋಟೆಲಾಗಿವೆ, ಹುಡುಗಿ ಹೇಗೆ ಉಳಿದಾಳು” ಎಂದು ಹುಡುಗನ ದೊಡ್ಡಪ್ಪ ಹೇಳಿದರಂತೆ. ಹೋಟೆಲಾದದ್ದು ಸುಳ್ಳಲ್ಲ. ಬೀಲೆಫೆಲ್ಡ್ ಎಂಬ ಊರಿನಲ್ಲಿ ಒಂದು ದೇವಾಲಯ 2005ರಿಂದ ರೆಸ್ಟೋರೆಂಟ್. ಗಡಿಯಾಚೆ ಮಾಸ್ಟ್ರಿಕ್ಟಿನಲ್ಲಿ 13ನೇ ಶತಮಾನದ ದೇವಾಲಯವೊಂದು ಪುಸ್ತಕದಂಗಡಿ. ನಾನು ನೋಡಿದ್ದೇನೆ, ಅಪ್ಪ ನೋಡಿದರೆ ಅಲ್ಲೇ ಚಾಪೆ ಹಾಸಿ ಮಲಗುತ್ತೀರಿ. ನಮ್ಮ ಸ್ಟುಟ್‌ಗಾರ್ಟಿನ ಕ್ಯಾಥೊಲಿಕರದ್ದು ಇನ್ನೂ ತಮಾಷೆ. ಸಂತ ಮರಿಯಳ ದೇವಾಲಯಕ್ಕೆ ಜನ ಕಡಿಮೆಯಾದಾಗ 2017ರಲ್ಲಿ ಬೆಂಚು ತೆಗೆದು, “ನಮ್ಮ ಹತ್ತಿರ ದೇವಾಲಯ ಉಂಟು, ನಿಮ್ಮ ಹತ್ತಿರ ಐಡಿಯಾ ಉಂಟಾ?” ಎಂದು ಊರಿಗೇ ಕೇಳಿದರು. ನಮ್ಮ ಕಮಿಟಿಯವರು ಹಾಗೆ ಕೇಳಿದರೆ ಜಯಕರ ಮಾಮ ಒಬ್ಬರೇ ನೂರು ಐಡಿಯಾ ಕೊಟ್ಟಾರು.

ಅಜ್ಜಿಗೆ ಇದನ್ನು ಖಂಡಿತ ಓದಿ: ವಿಟ್ಟೆನ್‌ಬರ್ಗಿನಲ್ಲಿ, ಲೂಥರನ ಊರಿನಲ್ಲೇ, 2017ರಲ್ಲಿ ಆಶೀರ್ವಾದ ಮಾಡುವ ರೋಬೋಟ್ ನಿಲ್ಲಿಸಿದ್ದರು. ಭಾಷೆ ಯಾವುದು ಬೇಕು ಎಂದು ಕೇಳಿ, ಎರಡೂ ಕೈ ಎತ್ತಿ, ಅಂಗೈಯಲ್ಲಿ ಲೈಟು ಹೊತ್ತಿಸಿ ಆಶೀರ್ವಾದ. ಕಳೆದ ವರ್ಷ ಜೂನಿನಲ್ಲಿ ಫ್ಯೂರ್ತ್ ಎಂಬಲ್ಲಿ ಕಂಪ್ಯೂಟರ್ ಬರೆದ ಆರಾಧನೆಯನ್ನು ಪರದೆಯ ಮೇಲಿನ ಬೊಂಬೆ ಮುಖಗಳು ನಡೆಸಿಕೊಟ್ಟವು, ಮುನ್ನೂರಕ್ಕೂ ಹೆಚ್ಚು ಜನ ಕೂತು ಕೇಳಿದರು. ಪ್ರಸಂಗ ಉದ್ದವಾಗಿ, ಉಸಿರು ತೆಗೆದುಕೊಳ್ಳದೆ, ಒಂದೇ ಸ್ವರದಲ್ಲಿ ಸಾಗಿತಂತೆ. ಅದಕ್ಕೆ ಕಂಪ್ಯೂಟರ್ ಯಾಕೆ ಬೇಕು ಎಂದು ಅಜ್ಜಿ ಕೇಳುವುದು ಇಲ್ಲಿಗೇ ಕೇಳಿಸುತ್ತದೆ. ಈ ವರ್ಷ ಏಪ್ರಿಲ್ 24ಕ್ಕೆ, 24.4.24 ಎಂದು ತಾರೀಖು ಚಂದ ಉಂಟಲ್ಲ, ಹಲವು ದೇವಾಲಯಗಳಲ್ಲಿ ಮೊದಲೇ ಹೇಳದೆ ಬಂದ ಜೋಡಿಗಳಿಗೂ ಅಲ್ಲೇ ಮದುವೆಯ ಆಶೀರ್ವಾದ ಮಾಡಿದರು. ನಮ್ಮಲ್ಲಿ ಮೂರು ಆದಿತ್ಯವಾರ ಪ್ರಕಟಣೆ ಓದಿ, ನೂರು ಜನ ನೂರು ಮಾತು ಹೇಳಿ, ಆಮೇಲೆ ಮದುವೆ. ಯಾವುದು ಒಳ್ಳೆಯದು ಎಂದು ಈ ವಾರ ನನ್ನನ್ನು ಕೇಳಬೇಡಿ.

ಗಂಡಿಗೆ ಗಂಡು ಮದುವೆ ಮಾಡಿಸುತ್ತಾರಾ ಎಂದು ಕೇಳಿದ್ದೀರಿ. ಬರ್ಲಿನಿನ ಕಡೆ ಮಾಡಿಸುತ್ತಾರೆ. ನಾನಿರುವ ಈ ವುರ್ಟೆಂಬರ್ಗ್ ಹಳೆಯ ಪಯಟಿಸ್ಟರ ನಾಡು, ಬೈಬಲ್ ಹಿಡಿದರೆ ಬಿಡದವರು. ಇಲ್ಲಿ 2019ರಲ್ಲಿ ಸಿನೊಡ್, ಅಂದರೆ ಸಭೆಯ ಆಡಳಿತ ಮಂಡಳಿ, ಮೂರನೇ ಎರಡು ಬಹುಮತದಿಂದ ಕೆಲವು ಸಭೆಗಳಲ್ಲಿ ಮಾತ್ರ ಆಶೀರ್ವಾದ ಮಾಡಬಹುದು ಎಂದಿತು. ಅದಕ್ಕೂ ಜಗಳ ಮುಗಿದಿಲ್ಲ. ಜರ್ಮನಿಯಲ್ಲಿ ಸಿನೊಡ್ ಸದಸ್ಯರನ್ನು ಸಭೆಯ ಜನರೇ ನೇರ ಓಟು ಹಾಕಿ ಆರಿಸುವುದು ಈ ಒಂದು ಕಡೆ ಮಾತ್ರ. ಪಕ್ಷಗಳ ಹಾಗೆ ಗುಂಪುಗಳೂ ಉಂಟು. ಅಪ್ಪ, ನೀವು ಇಲ್ಲಿ ಇದ್ದಿದ್ದರೆ ಎರಡು ಅವಧಿ ಗೆಲ್ಲುತ್ತಿದ್ದಿರಿ. ಇಬ್ಬರು ಗಂಡಸರು ಜೊತೆಗೆ ಬಾಳುವ ಮನೆಯ ಮುದುಕನೊಬ್ಬ ನನ್ನ ವಾರ್ಡಿನಲ್ಲಿದ್ದಾರೆ. ಇನ್ನೊಬ್ಬರು ದಿನಾ ಬಂದು ಸೂಪು ತಿನ್ನಿಸುತ್ತಾರೆ. ಅದಕ್ಕಿಂತ ಹೆಚ್ಚು ನನಗೆ ಹೇಳಲಿಕ್ಕಿಲ್ಲ, ಅಮ್ಮ.

ಓನರ್ ಅಮ್ಮ ಯಾಕೆ ಬಿಟ್ಟರು ಎಂಬುದನ್ನು ಮಾತ್ರ ಸರಿಯಾಗಿ ಬರೆಯುತ್ತೇನೆ. ಹಣ ಉಳಿಸಲಿಕ್ಕೆ ಎಂದು ಪ್ರವೀಣನ ಹಾಗೆ ನೀವೂ ತಿಳಿಯುವುದು ಬೇಡ.

ಅವರ ತಾಯಿಯ ತಂಗಿಗೆ ಅಪಸ್ಮಾರ ಇತ್ತು. 1940ರಲ್ಲಿ ಹಿಟ್ಲರನ ಸರ್ಕಾರದ ಬೂದು ಬಣ್ಣದ ಬಸ್ಸು ಬಂದು ಆಶ್ರಮದಿಂದ ಕರೆದುಕೊಂಡು ಹೋಯಿತು. ಗ್ರಾಫೆನೆಕ್ ಎಂಬ ಜಾಗ, ಇಲ್ಲಿಂದ ದೂರ ಇಲ್ಲ. ಆ ಒಂದೇ ವರ್ಷದಲ್ಲಿ ಅಲ್ಲಿ 10,654 ಜನ ರೋಗಿಗಳನ್ನು, ಬುದ್ಧಿ ಬೆಳೆಯದವರನ್ನು ಗ್ಯಾಸ್ ಬಿಟ್ಟು ಕೊಂದರು. ಆಗ ಇಲ್ಲಿಯ ಬಿಷಪ್ ಥಿಯೋಫಿಲ್ ವುರ್ಮ್ ಜುಲೈಯಲ್ಲಿ ಗೃಹಮಂತ್ರಿಗೇ ಪ್ರತಿಭಟನೆಯ ಪತ್ರ ಬರೆದರು. ಆ ಪತ್ರದ ಬಗ್ಗೆ ಓನರ್ ಅಮ್ಮನಿಗೆ ಹೆಮ್ಮೆ. ಯುದ್ಧ ಮುಗಿದು 1945ರ ಅಕ್ಟೋಬರಿನಲ್ಲಿ ಸಭೆಯ ದೊಡ್ಡವರು ಇದೇ ಸ್ಟುಟ್‌ಗಾರ್ಟಿನಲ್ಲಿ ಕೂತು, ನಾವು ಸಾಕಷ್ಟು ಧೈರ್ಯದಿಂದ ಸಾಕ್ಷಿ ಹೇಳಲಿಲ್ಲ, ಸಾಕಷ್ಟು ಪ್ರೀತಿಸಲಿಲ್ಲ ಎಂದು ತಪ್ಪೊಪ್ಪಿಗೆ ಬರೆದುಕೊಟ್ಟರು. “ಅದರಲ್ಲಿ ಯೆಹೂದ್ಯರ ಹೆಸರೇ ಇಲ್ಲ, ಆದರೂ ಬರೆದರಲ್ಲ” ಎನ್ನುತ್ತಾರೆ ಅವರು. ಇದನ್ನು ನನಗೆ ಹೇಳಿದ್ದು ಕೇಕಿಗೆ ಸೇಬು ಹೆಚ್ಚುತ್ತಾ.

ಈ ಜನವರಿಯಲ್ಲಿ ಪ್ರೊಟೆಸ್ಟೆಂಟ್ ಸಭೆಗಳ ಬಗ್ಗೆ ಒಂದು ವರದಿ ಬಂತು. ಸಭೆಯಲ್ಲಿ, ಸಭೆಯ ಆಶ್ರಮಗಳಲ್ಲಿ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯ. ಕಾಗದಗಳಲ್ಲಿ ಸಿಕ್ಕಿದ್ದೇ ಕನಿಷ್ಠ 2,225 ಮಕ್ಕಳು, 1,259 ಆರೋಪಿಗಳು. ಸಿಗದ ಕಾಗದಗಳು ಇನ್ನೂ ಎಷ್ಟೋ. ಕ್ಯಾಥೊಲಿಕರದ್ದು 2018ರಲ್ಲೇ ಹೊರಗೆ ಬಂದಿತ್ತು, ಆಗ ನಮ್ಮವರು “ಅದು ಅವರ ಮದುವೆಯಾಗದ ಪಾದ್ರಿಗಳ ಸಮಸ್ಯೆ” ಎಂದಿದ್ದರಂತೆ. ಓನರ್ ಅಮ್ಮ ಮೂರು ತಿಂಗಳು ಆರಾಧನೆಗೆ ಹೋಗಲಿಲ್ಲ. ಮೇಯಲ್ಲಿ ನನ್ನ ಕೈ ಹಿಡಿದು ಆ ಕಚೇರಿಗೆ ಹೋದರು. ಸಹಿ ಹಾಕುವಾಗ ಕೈ ನಡುಗಲಿಲ್ಲ, ಹೊರಗೆ ಬಂದ ಮೇಲೆ ನಡುಗಿತು. ಅದೇ ಹೊತ್ತಿಗೆ ಪ್ರವೀಣ ಕೈ ಎತ್ತಿದ್ದು.

ಹಾಗೆ ಹೋಗುವವರು ಅವರೊಬ್ಬರೇ ಅಲ್ಲ. 2022ರಲ್ಲಿ ಕ್ಯಾಥೊಲಿಕರೇ 5,22,821 ಮಂದಿ ಹೆಸರು ತೆಗೆಸಿದರು. ಎರಡೂ ದೊಡ್ಡ ಸಭೆಗಳನ್ನು ಸೇರಿಸಿದರೂ ಈಗ ದೇಶದ ಜನಸಂಖ್ಯೆಯ ಅರ್ಧಕ್ಕಿಂತ ಕಡಿಮೆ. ಹುಡುಗನ ದೊಡ್ಡಪ್ಪ ಹೇಳಿದ್ದು ಆ ಲೆಕ್ಕದಲ್ಲಿ ಸರಿ.

ಆದರೆ ಅವರು ಒಂದು ಸಲ ಫೆಬ್ರವರಿಯಲ್ಲಿ ಇಲ್ಲಿಯ ಲಿಯೋನ್‌ಹಾರ್ಡ್ ದೇವಾಲಯಕ್ಕೆ ಬರಬೇಕು. 1995ರಿಂದ ಪ್ರತಿ ಚಳಿಗಾಲದಲ್ಲಿ ಏಳು ವಾರ ಅದು ಊಟದ ಮನೆ. ವೆಸ್ಪರ್ ದೇವಾಲಯ ಎನ್ನುತ್ತಾರೆ. ಮನೆಯಿಲ್ಲದವರು, ಕುಡಿದು ಹಾಳಾದವರು, ಪೆನ್ಶನ್ ಸಾಲದ ಮುದುಕಿಯರು, ಎಲ್ಲರಿಗೂ ಹೆಸರಿಗೆ ಮಾತ್ರ ದುಡ್ಡು ತೆಗೆದುಕೊಂಡು ಬಿಸಿ ಊಟ, ದಿನಕ್ಕೆ ನೂರಾರು ಎಲೆ. ಎಲೆ ಎಂದರೆ ಪ್ಲೇಟು. ಡಾಕ್ಟರು ಕೂತಿರುತ್ತಾರೆ, ಕೂದಲು ಕತ್ತರಿಸುವವರು ಇರುತ್ತಾರೆ, ಆ ಜನರ ನಾಯಿಗಳನ್ನು ನೋಡಲು ದನದ ಡಾಕ್ಟರು ಕೂಡ. ಬೆಂಚಿನ ಮೇಲೆ ಮಲಗಿ ಗೊರಕೆ ಹೊಡೆದರೂ ಎಬ್ಬಿಸುವುದಿಲ್ಲ. ಈ ವರ್ಷ ನಾನು ರಜೆಯ ದಿನ ಐದು ಸಲ ಬಡಿಸಲು ಹೋಗಿದ್ದೆ. ಮೊದಲ ದಿನ ಒಬ್ಬ ನನ್ನನ್ನು ನೋಡಿ “ಇಂಡಿಯಾದಲ್ಲಿ ಬಡವರಿಲ್ಲವಾ, ಇಲ್ಲಿಗೆ ಬಂದೆ?” ಎಂದ. “ಉಂಟು, ಅವರು ಇಷ್ಟು ಬೈಯುವುದಿಲ್ಲ” ಎಂದೆ, ನಕ್ಕು ಎರಡನೇ ಸಲ ಸೂಪು ಹಾಕಿಸಿಕೊಂಡ. ಓನರ್ ಅಮ್ಮನ ಸೇಬಿನ ಕೇಕು ಹೋಗುವುದು ಅಲ್ಲಿಗೇ, ಬರುವ ಜನವರಿಗೂ ಹೋಗುತ್ತದಂತೆ. ಕ್ವಾಯರನ್ನೂ ಬಿಟ್ಟಿಲ್ಲ. ಹೆಸರಿಲ್ಲದವರು ಹಾಡಬಾರದು ಎಂದು ಯಾರೂ ಹೇಳಿಲ್ಲ, ಆಲ್ಟೊ ಸ್ವರಕ್ಕೆ ಜನ ಕಡಿಮೆ.

ನನ್ನ ಕೆಲಸದ ಚಿಂತೆಯೂ ಬೇಡ. ನಮ್ಮ ವೃದ್ಧಾಶ್ರಮ ಸಭೆಯದ್ದೇ, ಡಿಯಾಕೊನಿ ಎನ್ನುತ್ತಾರೆ. ಇಂಥ ಕಡೆ ಮೊದಲೆಲ್ಲ ಸದಸ್ಯರಿಗೇ ಕೆಲಸ ಎಂಬ ನಿಯಮ ಇತ್ತು. ಒಬ್ಬ ಮಹಿಳೆ ಕೋರ್ಟಿಗೆ ಹೋಗಿ, 2018ರಲ್ಲಿ ಯುರೋಪಿನ ನ್ಯಾಯಾಲಯ ಎಲ್ಲ ಕೆಲಸಕ್ಕೂ ಹಾಗೆ ಕೇಳಬಾರದು ಎಂದ ಮೇಲೆ ಸಡಿಲವಾಯಿತು. ನನ್ನ ಜೊತೆ ನೈಟ್ ಮಾಡುವವಳು ಬೋಸ್ನಿಯಾದ ಮುಸ್ಲಿಮಳು, ಸಾಯುವ ಅಜ್ಜಿಯರಿಗೆ “ಕರ್ತನು ನನ್ನ ಕುರುಬನು” ಜರ್ಮನಿನಲ್ಲಿ ಬಾಯಿಪಾಠ ಹೇಳುತ್ತಾಳೆ, ನನಗಿಂತ ಚೆನ್ನಾಗಿ.

ಅಪ್ಪ, ಇದು ನಿಮಗೆ. ಮಂಗಳೂರ ಸಮಾಚಾರದ ಮೊಗ್ಲಿಂಗ್ ಸಾಹೇಬರು 1881ರಲ್ಲಿ ತೀರಿಕೊಂಡ ಎಸ್ಲಿಂಗೆನ್ ಇಲ್ಲಿಂದ ಲೋಕಲ್ ರೈಲಿನಲ್ಲಿ ಕಾಲು ಗಂಟೆ. ಅಲ್ಲಿ ಯಾರನ್ನು ಕೇಳಿದರೂ ಅವರ ಹೆಸರು ಗೊತ್ತಿಲ್ಲ! ಕಿಟ್ಟೆಲರು ಕೊನೆಯುಸಿರೆಳೆದ ಟ್ಯೂಬಿಂಗೆನ್ನಿಗೂ ಹೋಗಿದ್ದೆ, ಅಲ್ಲಿಯ ವಿಶ್ವವಿದ್ಯಾಲಯವೇ ಅವರಿಗೆ ಡಾಕ್ಟರೇಟ್ ಕೊಟ್ಟದ್ದು. ಆದರೆ ವಾರ್ಡಿನ 96 ವರ್ಷದ ಅಜ್ಜಿಯೊಬ್ಬರಿಗೆ ನಾನು ಮುಲ್ಕಿ ಎಂದಾಗ ತಿಳಿಯಲಿಲ್ಲ, ಮಂಗಳೂರು ಎಂದಾಗ ಕಣ್ಣು ತೆರೆದರು. “ಬಾಸೆಲ್ ಮಿಷನ್! ಹೆಂಚು!” ಎಂದರು. ಅವರ ಅಜ್ಜಿ ವಾರಕ್ಕೊಂದು ಚಿಲ್ಲರೆ ನಾಣ್ಯ ಮಿಷನ್ನಿಗೆಂದು ತೆಗೆದಿಡುತ್ತಿದ್ದರಂತೆ. ಅರ್ಧ ಬಾಟ್ಸೆನ್ ಕಾಣಿಕೆ ಎಂದು ಅದರ ಹೆಸರು, 1855ರಲ್ಲಿ ಶುರುವಾದದ್ದು. ನಮ್ಮ ಶಾಲೆ, ಪ್ರೆಸ್ಸು, ನಮ್ಮ ಮನೆಯ ಮಾಡಿನ ಹೆಂಚಿನ ಕಾರ್ಖಾನೆ, ಇದಕ್ಕೆಲ್ಲ ಹಿಂದೆ ಈ ಕಡೆಯ ಹಳ್ಳಿಯ ಹೆಂಗಸರ ಅಂಥ ಚಿಲ್ಲರೆಯೂ ಉಂಟಲ್ಲ ಎಂದು ಅವತ್ತು ರಾತ್ರಿ ತುಂಬ ಹೊತ್ತು ಯೋಚಿಸಿದೆ. ಅವರ ಡೈಪರ್ ಬದಲಿಸುವಾಗ ಆ 34 ಯೂರೋ ನನಗೆ ಭಾರ ಅನಿಸುವುದಿಲ್ಲ. ಭಾರ ಅನಿಸಿದರೂ ಕೊಡುತ್ತೇನೆ, ಹೆದರಬೇಡಿ.

ಹುಡುಗನ ಬಗ್ಗೆ: ಅವನಿಗೇ ಸಂಶಯ ಇದ್ದರೆ ನನಗೆ ಫೋನು ಮಾಡಲಿ. ದೊಡ್ಡಪ್ಪನ ಮೂಲಕ ಬೇಡ. ಎರಡು ವರ್ಷ ಖಾಲಿ ಬಿಟ್ಟದ್ದನ್ನು ನಾನೇ ಅವನಿಗೆ ಹೇಳುತ್ತೇನೆ. ಅದನ್ನು ಕೇಳಿ ಬೇಡ ಎಂದರೆ ಬೇಡ. ಅಮ್ಮ, ಅಳಬೇಡ. ನನಗೆ ಏನೂ ಆಗಿಲ್ಲ, ಸಭೆಗೆ ಹೋಗುತ್ತೇನೆ, ಪ್ರಾರ್ಥನೆ ಮಾಡುತ್ತೇನೆ, ಬೈಬಲು ತಲೆದಿಂಬಿನ ಹತ್ತಿರವೇ ಉಂಟು, ಕುಡಿಯುವುದಿಲ್ಲ, ಯಾರೂ ಕೆಡಿಸಿಲ್ಲ, ಕೆಡುವುದೂ ಇಲ್ಲ. ಇವತ್ತು ಬೆಳಿಗ್ಗೆ ಕ್ರಿಸ್ಮಸ್ಸಿಗೆ ಕಾಯುವ ವಾರಗಳ ಮೊದಲ ಮೇಣದ ಬತ್ತಿ ಹಚ್ಚಿದೆವು, ನೀನು ಕಲಿಸಿದ ಹಾಡನ್ನೇ ಕನ್ನಡದಲ್ಲಿ ಮನಸ್ಸಿನೊಳಗೆ ಹಾಡಿದೆ.

ಎಂಟೂವರೆಯ ಬಸ್ಸು, ಇವತ್ತು ನೈಟ್ ಡ್ಯೂಟಿ. ಅಜ್ಜಿಯ ಬಿ.ಪಿ. ಮಾತ್ರೆ ಮುಗಿಯುವ ಮೊದಲೇ ತನ್ನಿ. ಕ್ರಿಸ್ಮಸ್ಸಿಗೆ ಕಳಿಸಿದ ಹಣದಲ್ಲಿ ಮೊದಲು ಮಾಡಿನ ಹೆಂಚು, ಆಮೇಲೆ ಬಟ್ಟೆ. ನೆವ್ರಿ ಪಾರ್ಸೆಲ್ ಕಳಿಸಬೇಡಿ, ಹೋದ ವರ್ಷ ಪುಡಿಯಾಗಿ ಬಂತು. ಆದರೂ ತಿಂದೆ. ಚಕ್ಕುಲಿ ಆದರೆ ಕಳಿಸಿ.

ಪುಟ್ಟನಿಗೆ ಓದಲು ಹೇಳಿ. ಶೀಲಾ ಚಿಕ್ಕಮ್ಮನಿಗೆ ವಂದನೆ. ಜಯಕರ ಮಾಮನಿಗೂ ಹೇಳಿ, ಪರವಾಗಿಲ್ಲ.

ನಿಮ್ಮ ಮಗಳು
ಸುನೀತಾ

ಪಾದ್ರಿಯವರಿಗೆ ಸರ್ಟಿಫಿಕೇಟಿನ ನಿಜ ಕಾರಣ ಈಗಲೇ ಹೇಳಬೇಡಿ, ಊರಿಗೆ ಬಂದಾಗ ನಾನೇ ಹೋಗಿ ಹೇಳುತ್ತೇನೆ. ಬಸ್ಸು ಬಂತು.